ಅಳತೆಯೇ ಮೊದಲ ಪಾಠ

ಮುಂಗಾರಿನ ಮೋಡ ಪಡುವಣ ದಿಗಂತದಲ್ಲಿ ತಲೆಯೆತ್ತಿದರೆ ಸಾಕು, ಹೊಲದ ಬದುವಿನ ಮೇಲೆ ನಿಂತ ರೈತ ಹಣೆಗೆ ಕೈಯನ್ನು ಮರೆಮಾಡಿಕೊಂಡು ಆಕಾಶವನ್ನು ದಿಟ್ಟಿಸುತ್ತಾನೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳಿಗೆ ನಕ್ಷತ್ರಗಳ ಹೆಸರಿಟ್ಟು, ಗಾಳಿಯ ದಿಕ್ಕನ್ನು ಗಮನಿಸಿ, ಬಿತ್ತನೆಯ ದಿನವನ್ನು ಗೊತ್ತುಮಾಡುವ ಅನುಭವ ಈ ನಾಡಿನ ಬೇಸಾಯಗಾರರಿಗೆ ತಲೆಮಾರುಗಳಿಂದ ಬಂದುದು. ಆದರೆ ಅನುಭವವು ಶಾಸ್ತ್ರವಾಗಬೇಕಾದರೆ ಒಬ್ಬನು ಕಂಡದ್ದನ್ನು ಇನ್ನೊಬ್ಬನು ಮತ್ತೊಂದು ಊರಿನಲ್ಲಿ ಪರೀಕ್ಷಿಸಿ ನೋಡುವಂತಿರಬೇಕು. ಅದಕ್ಕೆ ಅಳತೆ ಅಗತ್ಯ. ಆದುದರಿಂದಲೇ ಕಾಲೇಜಿನಲ್ಲಿ ಹವಾಮಾನಶಾಸ್ತ್ರವನ್ನು ಕಲಿಯತೊಡಗಿದ ವಿದ್ಯಾರ್ಥಿಯು ನಾಳೆ ಮಳೆ ಬರುವುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದನ್ನು ಮೊದಲು ಕಲಿಯುವುದಿಲ್ಲ; ಇಂದಿನ ಗಾಳಿಯನ್ನು ಸರಿಯಾಗಿ ಅಳೆಯುವುದನ್ನು ಕಲಿಯುತ್ತಾನೆ.

ಈ ಕೆಲಸ ತೋರುವಷ್ಟು ಸುಲಭವಲ್ಲ. ಉಷ್ಣಮಾಪಕವನ್ನು ಬಿಸಿಲಿನಲ್ಲಿಟ್ಟರೆ ಅದರ ಗಾಜೇ ಕಾಯುತ್ತದೆ. ಆಗ ಅದು ತನ್ನ ಬಿಸಿಯನ್ನು ಹೇಳುವುದೇ ಹೊರತು ಗಾಳಿಯ ಬಿಸಿಯನ್ನಲ್ಲ. ಈ ಕಾರಣದಿಂದ ಅದನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವಂತೆ ಓರೆ ಪಟ್ಟಿಗಳನ್ನು ಜೋಡಿಸಿದ ಬಿಳಿಯ ಮರದ ಪೆಟ್ಟಿಗೆಯಲ್ಲಿಡುತ್ತಾರೆ. ಇದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆ ಎಂದು ಹೆಸರು. ಅದರೊಳಗೆ ಇನ್ನೊಂದು ಉಷ್ಣಮಾಪಕದ ಬುಡಕ್ಕೆ ಒದ್ದೆಯ ಬಟ್ಟೆ ಸುತ್ತಿರುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರಿ ಆ ಮಾಪಕ ತಣ್ಣಗಾಗುತ್ತದೆ. ಎರಡು ಮಾಪಕಗಳ ಅಂತರದಿಂದ ಗಾಳಿಯ ತೇವವನ್ನು ತಿಳಿಯಬಹುದು. ವಾಯುಭಾರದ ವಿಚಾರವೂ ಹೀಗೆಯೇ. ಮೇಲಕ್ಕೆ ಹೋದಂತೆಲ್ಲ ವಾಯುಭಾರ ಕಡಮೆಯಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ಬೆಂಗಳೂರಿನ ಅಂಕಿಯನ್ನು ಕಡಲ ದಡದ ಮಂಗಳೂರಿನ ಅಂಕಿಯೊಡನೆ ಇದ್ದಂತೆಯೇ ಹೋಲಿಸಿದರೆ, ಬೆಂಗಳೂರಿನ ಮೇಲೆ ವರ್ಷವಿಡೀ ಭಾರಿ ಚಂಡಮಾರುತವೇ ಬೀಡುಬಿಟ್ಟಿದೆ ಎನ್ನಬೇಕಾಗುತ್ತದೆ! ಎರಡನ್ನೂ ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ ಮೇಲೆಯೇ ಹೋಲಿಸಬೇಕು.

ಅಳತೆಯ ಈ ಶಿಸ್ತನ್ನು ಕಲಿತು, ಅದನ್ನು ದೇಶಕ್ಕೆಲ್ಲ ಕಲಿಸಿದವರಲ್ಲಿ ಅಣ್ಣಾ ಮಣಿ ಅವರದು ದೊಡ್ಡ ಹೆಸರು. ಅವರು 1918ರಲ್ಲಿ ತಿರುವಾಂಕೂರಿನ ಪೀರ್‌ಮೇಡಿನಲ್ಲಿ ಹುಟ್ಟಿದರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆಗಳನ್ನು ಕೊಡಹೋದಾಗ ಬೇಡವೆಂದು ವಿಶ್ವಕೋಶವನ್ನು ಕೇಳಿ ಪಡೆದ ಬಾಲೆ ಆಕೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಓಲೆಯಲ್ಲಿ ಬೇಡವೆಂದ ವಜ್ರವನ್ನೇ ಅಲ್ಲಿ ಅಧ್ಯಯನಕ್ಕೆ ಎತ್ತಿಕೊಳ್ಳುವಂತಾಯಿತು. ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಛಾಯಾಫಲಕದ ಮೇಲೆ ಪಡೆಯಲು ಒಮ್ಮೊಮ್ಮೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ರಾತ್ರಿಗಳು ಪ್ರಯೋಗಶಾಲೆಯಲ್ಲಿಯೇ ಕಳೆಯುತ್ತಿದ್ದುವು. 1945ರಲ್ಲಿ ತಮ್ಮ ಪ್ರೌಢಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಆದರೆ ಅವರು ಎಂ.ಎಸ್‌ಸಿ. ಪದವಿ ಪಡೆದಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ.

ಪದವಿ ತಪ್ಪಿತೆಂದು ಕಲಿಕೆ ನಿಲ್ಲಲಿಲ್ಲ. ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿದರು. ಅವರ ಆಸೆಯಿದ್ದುದು ಭೌತಶಾಸ್ತ್ರದಲ್ಲಿ. ದೊರೆತ ಅವಕಾಶ ಹವಾಮಾನದ ಉಪಕರಣಗಳ ವಿಷಯದಲ್ಲಿ. ತಾವು ಬಯಸದೆ ಬಂದ ಆ ವಿದ್ಯೆಯನ್ನು ಅವರು ಬುಡದಿಂದ ಕಲಿತರು. ಯಾವ ಉಪಕರಣ ಹೇಗೆ ಕೆಲಸಮಾಡುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪನ್ನು ಹೇಗೆ ತಿದ್ದಬೇಕು ಎಂಬುದನ್ನೆಲ್ಲ ಮನನಮಾಡಿಕೊಂಡು 1948ರಲ್ಲಿ ಸ್ವತಂತ್ರ ಭಾರತಕ್ಕೆ ಹಿಂದಿರುಗಿ ಪುಣೆಯಲ್ಲಿ ಭಾರತ ಹವಾಮಾನ ಇಲಾಖೆಯನ್ನು ಸೇರಿದರು.

ಎರಡನೆಯ ಮಹಾಯುದ್ಧದ ಕಾಲದವರೆಗೆ ಮಳೆಮಾಪಕದಂಥ ಸರಳ ಉಪಕರಣವೂ ಹೊರದೇಶದಿಂದಲೇ ಬರಬೇಕಾಗಿತ್ತು. ಅವುಗಳನ್ನೆಲ್ಲ ಇಲ್ಲಿಯೇ ತಯಾರಿಸುವ ಕಾರ್ಯಕ್ಕೆ ಅಣ್ಣಾ ಮಣಿ ಕೈಹಾಕಿದರು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದೇ ಗೊತ್ತಾದ ಪ್ರಮಾಣಕ್ಕೆ ತಂದು, ಪ್ರತಿಯೊಂದನ್ನೂ ಪ್ರಮಾಣಭೂತವಾದ ಉಪಕರಣದೊಡನೆ ಹೋಲಿಸಿ ನೋಡುವ ಕ್ರಮವನ್ನು ಬಲಪಡಿಸಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ದೃಢವಾದ ನಂಬಿಕೆ. ಇದು ಬರಿಯ ಹಟವಲ್ಲ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಒಂದು ಎಕರೆಗೆ ಅದೇ ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಮಳೆಮಾಪಕ ಒಂದು ಮಿಲಿಮೀಟರು ತಪ್ಪಿದರೆ ಕೆರೆಯ ಲೆಕ್ಕ, ಅಣೆಕಟ್ಟಿನ ಲೆಕ್ಕ, ಬೆಳೆಯ ಲೆಕ್ಕ ಎಲ್ಲವೂ ತಪ್ಪುತ್ತವೆ.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅವರು ದೇಶದ ಹಲವು ಕಡೆ ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳನ್ನು ಏರ್ಪಡಿಸಿದರು. 1976ರಲ್ಲಿ ಇಲಾಖೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದು, ಸೂರ್ಯವಿಕಿರಣದ ಅಂಕಿಅಂಶಗಳನ್ನು ಕುರಿತ ಎರಡು ಗ್ರಂಥಗಳನ್ನು 1980 ಮತ್ತು 1981ರಲ್ಲಿ ಹೊರತಂದರು. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯಲು ಯೋಚಿಸಿದವರಿಗೆ ಅವು ಆಧಾರಗ್ರಂಥಗಳಾದುವು. 2001ರಲ್ಲಿ ಅವರು ನಿಧನರಾದರು.

ಪದವಿಯನ್ನು ತರದ ಅವರ ಪ್ರಬಂಧ ರಾಮನ್ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಅವರು ಕಲಿತ ಮೊದಲ ಪಾಠವಾದರೋ ದೇಶದ ಹವಾಮಾನ ಕೇಂದ್ರಗಳಲ್ಲೆಲ್ಲ ಪ್ರತಿದಿನವೂ ನಡೆಯುತ್ತಿದೆ. ಮುಂಜಾನೆ ವೀಕ್ಷಕನೊಬ್ಬ ಬಿಳಿಯ ಪೆಟ್ಟಿಗೆಯ ಬಾಗಿಲನ್ನು ತೆರೆದು, ಕಣ್ಣನ್ನು ಪಾದರಸದ ಮಟ್ಟಕ್ಕೆ ಸರಿಯಾಗಿ ತಂದು, ಕಂಡಷ್ಟನ್ನೇ ಬರೆದುಕೊಳ್ಳುತ್ತಾನೆ. ಹೆಚ್ಚೂ ಬರೆಯುವುದಿಲ್ಲ, ಕಡಮೆಯೂ ಬರೆಯುವುದಿಲ್ಲ. ನಾಳಿನ ಮಳೆಯ ಸುದ್ದಿ ಹುಟ್ಟುವುದು ಆ ಒಂದು ಅಂಕಿಯಿಂದ.