ತೊಳೆದು ಒಣಗಿಸು, ಆಮೇಲೆ ಕಟ್ಟು

ಉಪ್ಪುಂದ

ಪ್ರೀತಿಯ ಅಳಿಯನಿಗೆ,

ಈ ಮಳೆಗಾಲ ನೀನು ಮೊದಲ ಸಲ ನಾಡದೋಣಿ ಹತ್ತುತ್ತೀ ಎಂದು ಅಕ್ಕ ಹೇಳಿದಳು. ಸಂತೋಷವಾಯಿತು. ನಿನಗೆಂದು ಬರೆದರೂ ಈ ಮಾತು ಮಡಿಕಲ್, ಕೊಡೇರಿ, ಮರವಂತೆಯಲ್ಲಿ ಬಲೆ ಹೊರುವ ನಿನ್ನ ವಾರಿಗೆಯ ಹುಡುಗರೆಲ್ಲರಿಗೂ ಸೇರಿದ್ದು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಬಂದರು ಬಿಡುವಂತಿಲ್ಲ. ಆಗ ಕಡಲಿಗಿಳಿಯುವವು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಮ್ಮ ನಾಡದೋಣಿಗಳು. ದೊಡ್ಡ ಬೋಟಿಗಾದರೂ ಒಂದು ಕ್ಯಾಬಿನ್ ಇದೆ, ಸಾಮಾನು ಇಡಲು ಮೂಲೆಯಿದೆ. ನಮ್ಮ ದೋಣಿಗೆ ಸೂರೇ ಇಲ್ಲ. ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ, ಸೂರಿಲ್ಲದ ದೋಣಿಯಲ್ಲಿ ನಾವು ದುಡಿಯುತ್ತೇವೆ. ಹಾಗಾಗಿ ಲೈಫ್ ಜಾಕೆಟ್, ಟಾರ್ಚ್, ಮೊಬೈಲು, ವೈರ್‌ಲೆಸ್ಸು, ಫ್ಲೇರ್ ಇವುಗಳನ್ನು ನೀರಿನಿಂದ ಕಾಪಾಡುವ ಕೆಲಸ ಬೇರೆ ಯಾರಿಗಿಂತಲೂ ನಮಗೆ ದೊಡ್ಡದು.

2020ರ ಆಗಸ್ಟ್‌ನಲ್ಲಿ ಕೊಡೇರಿಯಲ್ಲಿ ದೋಣಿ ಮಗುಚಿ ನಮ್ಮೂರಿನ ನಾಲ್ವರು ಹೋದರು. 2023ರ ಜುಲೈ ಮುಗಿಯುವ ಹೊತ್ತಿಗೆ ಉಪ್ಪುಂದದ ಕಡಲಲ್ಲೇ ಮತ್ತೆ ಇಬ್ಬರು. ಆ ಸಾವುಗಳಿಗೆ ಇಂಥದ್ದೇ ಕಾರಣ ಎಂದು ನಾನು ಹೇಳುತ್ತಿಲ್ಲ. ದಡ ಕಣ್ಣಿಗೆ ಕಾಣುವಾಗಲೂ ಅಪಾಯ ಬರುತ್ತದೆ, ಬಂದರೆ ಹುಡುಕಾಡುವಷ್ಟು ಹೊತ್ತು ಕೊಡುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡ. ಮೈಮೇಲೆ ಏನಿದೆಯೋ, ಕೈಗೆ ಏನು ಸಿಗುತ್ತದೋ ಅಷ್ಟೇ ಆಗ ನಿನ್ನದು. ಅದು ಹಾಳಾಗಿದ್ದರೆ ಬಹುಪಾಲು ಕಡಲಲ್ಲಿ ಹಾಳಾಗಿರುವುದಿಲ್ಲ. ಹಿಂದಿನ ವಾರ ದಡದ ಶೆಡ್ಡಿನಲ್ಲಿ, ಒದ್ದೆಯಾಗಿ ಬಿದ್ದಲ್ಲೇ ಹಾಳಾಗಿರುತ್ತದೆ.

ನಮ್ಮ ನಿಜವಾದ ಶತ್ರು ಮಳೆನೀರಲ್ಲ, ಉಪ್ಪು. ಆಸಾಡಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದನ್ನು ನೀನು ನೋಡಿದ್ದೀಯಲ್ಲ? ಗಾಳಿಯ ತೇವಾಂಶ ಸುಮಾರು ಶೇ 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರೆಳೆದು ತಾನೇ ಕರಗುತ್ತದೆ. ಮಳೆಗಾಲದ ನಮ್ಮ ಗಾಳಿ ಹೆಚ್ಚಿನ ಹೊತ್ತು ಅದಕ್ಕಿಂತ ಮೇಲೇ ಇರುತ್ತದೆ. ಕಡಲನೀರಿನಲ್ಲಿ ನೆನೆದ ಜಾಕೆಟ್ಟನ್ನು ಹಾಗೇ ನೇತುಹಾಕಿದರೆ ವಾರ ಕಳೆದರೂ ಅದು ಜಿಗುಟಾಗಿಯೇ ಇರುವುದು ಇದಕ್ಕೇ. ಅದರೊಳಗಿನ ಉಪ್ಪು ಪ್ರತಿ ರಾತ್ರಿ ಹೊಸ ನೀರು ಕುಡಿಯುತ್ತಿರುತ್ತದೆ. ಆದ್ದರಿಂದ ದಡ ಮುಟ್ಟಿದ ದಿನವೇ ಎಲ್ಲವನ್ನೂ ಬಾವಿನೀರಿನಲ್ಲಿ ತೊಳೆ. ಬಾವಿ ದೂರವಿದ್ದರೆ ಮಾಡಿನಿಂದ ಸುರಿಯುವ ಮಳೆನೀರಾದರೂ ಸಾಕು. ತೊಳೆಯದೆ ಒಣಗಿಸಿದ್ದನ್ನು ಒಣಗಿದ್ದು ಎಂದು ನಂಬಬೇಡ.

ಜಾಕೆಟ್ಟನ್ನು ಗಾಳಿ ಆಡುವ ಜಗುಲಿಯಲ್ಲಿ ನೇತುಹಾಕು. ಬೇಗ ಒಣಗಲಿ ಎಂದು ಬಚ್ಚಲೊಲೆಯ ಹತ್ತಿರ ಇಟ್ಟರೆ ಒಳಗಿನ ಫೋಮು ಕೆಡುತ್ತದೆ. ದಿನಗಟ್ಟಲೆ ಬಿಸಿಲಲ್ಲಿ ಬಿಟ್ಟರೆ ಬಟ್ಟೆ, ಪಟ್ಟಿ, ಹೊಲಿಗೆ ಲಡ್ಡಾಗುತ್ತವೆ. ಅದನ್ನು ಮಡಚಿ ದೋಣಿಯಲ್ಲಿ ಕೂರುವ ಮೆತ್ತೆ ಮಾಡಿಕೊಳ್ಳುವವರಿದ್ದಾರೆ; ನೀನು ಮಾತ್ರ ಮಾಡಬೇಡ, ಒತ್ತಿಹೋದ ಫೋಮು ಮೊದಲಿನಷ್ಟು ತೇಲಿಸುವುದಿಲ್ಲ. ಬಕಲ್ ಹಾಕಿ ತೆಗೆದು ನೋಡು, ಸೀಟಿ ಊದಿ ನೋಡು.

ಟಾರ್ಚಿನ ಹಿಂದಿನ ಮುಚ್ಚಳ ಬಿಚ್ಚಿದರೆ ಸುತ್ತ ಒಂದು ತೆಳ್ಳಗಿನ ರಬ್ಬರ್ ಬಳೆ ಕಾಣುತ್ತದೆ. ಆ ಕಡೆಯಿಂದ ನೀರು ಒಳಗೆ ಬಾರದಂತೆ ತಡೆಯುವುದು ಅದೊಂದೇ. ಅಲ್ಲಿ ಒಂದು ಮರಳಿನ ಕಣವೋ ಬಲೆಯ ನೂಲಿನ ಎಳೆಯೋ ಸಿಕ್ಕಿಕೊಂಡರೆ ಸಾಕು, ನೀರಿಗೆ ದಾರಿಯಾಯಿತು. ಒರೆಸಿ, ಬೆರಳಾಡಿಸಿ ನೋಡು. ಬಿರುಕಿದ್ದರೆ ಬಳೆ ಬದಲಿಸು. ಸೆಲ್ಲು ಕೂರುವ ಸ್ಪ್ರಿಂಗಿನಲ್ಲಿ ಹಸಿರು ಕಿಲುಬು ಕಂಡರೆ ಉಪ್ಪುನೀರು ಆಗಲೇ ಒಳಹೊಕ್ಕಿದೆ ಎಂದರ್ಥ. ಕಡಲಿಗೆ ಹೋಗದ ದಿನಗಳಲ್ಲಿ ಸೆಲ್ಲು ತೆಗೆದಿಡು.

ಈಗ ನೀರು ಹೋಗದ ಡಬ್ಬಿ, ಚೀಲ ಎಲ್ಲ ಸಿಗುತ್ತವೆ, ಕೊಳ್ಳು. ಆದರೆ ಹೊರಗಿನ ನೀರನ್ನು ತಡೆಯುವ ಮುಚ್ಚಳ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಒದ್ದೆ ಕೈಯಲ್ಲಿ, ಮಳೆ ಹನಿಯುವಾಗ ಮುಚ್ಚಿದ ಡಬ್ಬಿಯಲ್ಲಿ ರಾತ್ರಿ ತಂಪಿಗೆ ಬೆವರು ಕಟ್ಟಿ, ಬೆಳಗಾಗುವಷ್ಟರಲ್ಲಿ ಬೂಸ್ಟಿಗೆ ಬೇಕಾದಷ್ಟು ತೇವ ಆಗಿರುತ್ತದೆ. ನಮ್ಮ ಹಿರಿಯರು ಅಕ್ಕಿ ಮುಡಿ ಕಟ್ಟುವಾಗ ಮೊದಲು ಚೆನ್ನಾಗಿ ಒಣಗಿಸುತ್ತಿದ್ದರು, ಆಮೇಲೆ ಬೈಹುಲ್ಲಿನಲ್ಲಿ ಬಿಗಿದು ಅಟ್ಟಕ್ಕೇರಿಸುತ್ತಿದ್ದರು. ನೀನೂ ಅದೇ ಕ್ರಮ ಹಿಡಿ. ಡಬ್ಬಿಯನ್ನು ಮನೆಯೊಳಗೆ, ಒಣ ಕೈಯಲ್ಲಿ ಮುಚ್ಚು. ದೋಣಿಯಲ್ಲಿ ಸುಮ್ಮನೆ ತೆರೆಯಬೇಡ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕು. ಬಣ್ಣದ ಹರಳಿನದಾದರೆ, ನೀಲಿ ಹೋಗಿ ನಸುಗೆಂಪು ಬಂದಾಗ ಅದರ ಕೆಲಸ ಮುಗಿಯಿತು ಎಂದು ತಿಳಿ. ಚಪ್ಪಲಿ ಡಬ್ಬಿಯಲ್ಲಿ ಬಂದು ತಿಂಗಳುಗಟ್ಟಲೆ ಹೊರಗೆ ಬಿದ್ದಿದ್ದ ಪೊಟ್ಟಣದಲ್ಲಿ ಹುರುಳಿಲ್ಲ.

ಮೊಬೈಲಿನ ವಿಷಯದಲ್ಲಿ ನಿನ್ನ ಪ್ರಾಯದವರು ಅಂಗಡಿಯವರ ಮಾತನ್ನು ಹೆಚ್ಚು ನಂಬುತ್ತೀರಿ. ಅವರು ಹೇಳುವ ಐಪಿ67 ಎಂದರೆ 1 ಮೀಟರ್ ಆಳದ ನಿಂತ ಸಿಹಿನೀರಿನಲ್ಲಿ 30 ನಿಮಿಷ ಇಟ್ಟು ಮಾಡಿದ ಪರೀಕ್ಷೆ, ಅದೂ ಹೊಸ ಫೋನಿಗೆ. ಅಲೆಯ ಹೊಡೆತಕ್ಕೂ ಉಪ್ಪಿಗೂ ಅದು ಖಾತ್ರಿ ಕೊಡುವುದಿಲ್ಲ. ಕುತ್ತಿಗೆಗೆ ನೇತುಹಾಕುವ ಪೌಚು ಕೊಂಡರೆ, ಮೊದಲು ಅದರೊಳಗೆ ಬರೀ ಕಾಗದ ಹಾಕಿ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಅದುಮಿಡು. ಕಾಗದ ಒಣಗಿಯೇ ಇದ್ದರೆ ಮಾತ್ರ ಫೋನು ಹಾಕು. ಒದ್ದೆಯಾದ ಫೋನಿಗೆ ಚಾರ್ಜರ್ ಚುಚ್ಚಬೇಡ. ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಬಿಡು. ಉಪ್ಪನ್ನು ಅಕ್ಕಿ ಎಳೆಯುವುದಿಲ್ಲ.

ಫೋನೊಂದನ್ನೇ ನಂಬಿ ಹೋಗಬೇಡ. ದಡ ಬಿಟ್ಟು ದೂರ ಹೋದಂತೆ ಸಿಗ್ನಲ್ ಸಿಗದೇ ಹೋಗಬಹುದು. ವೈರ್‌ಲೆಸ್ಸಿನಲ್ಲಿ 16ನೇ ಚಾನೆಲ್ ಅಪಾಯದ ಕರೆಗೆ ಮೀಸಲು. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಇವೆರಡನ್ನೂ ದೋಣಿಯ ಒಳಮೈಯಲ್ಲಿ ಬಣ್ಣದಲ್ಲೇ ಬರೆ. ಆಧಾರ್, ಮೀನುಗಾರರ ಗುರುತಿನ ಚೀಟಿ ಜಿಪ್ ಇರುವ ಕೊಟ್ಟೆಯಲ್ಲಿರಲಿ.

ಫ್ಲೇರ್ ಬಗ್ಗೆ ಎಚ್ಚರದಿಂದ ಕೇಳು. ಅದು ಅಪಾಯದಲ್ಲಿ ಬೆಳಕಿನ ಸನ್ನೆ ಕೊಡಲು ಮದ್ದು ತುಂಬಿದ ವಸ್ತು. ಒದ್ದೆಯಾಯಿತೆಂದು ಒಲೆಯ ಹತ್ತಿರವೋ ಬಿಸಿಲಿಗೋ ಇಟ್ಟು ಒಣಗಿಸಲು ಹೋದರೆ ಮನೆಯೇ ಹೊತ್ತಿಕೊಂಡೀತು. ಸೀಲ್ ಒಡೆದದ್ದನ್ನೂ ಅವಧಿ ಮುಗಿದದ್ದನ್ನೂ ನಂಬಬೇಡ, ಹೊಸದನ್ನೇ ತಾ. ಮೇಲೆ ಮುದ್ರಿಸಿದ ತಿಂಗಳು, ವರ್ಷ ಓದುವ ಅಭ್ಯಾಸ ಇಟ್ಟುಕೋ.

ಇಷ್ಟೆಲ್ಲ ಮಾಡಲು ವಾರಕ್ಕೊಂದು ಗಂಟೆ ಸಾಕು. ತೊಂದರೆಯೆಂದರೆ, ಇದು ಯಾರ ಕೆಲಸ ಎಂದು ಯಾವ ದೋಣಿಯಲ್ಲೂ ಗೊತ್ತುಮಾಡಿರುವುದಿಲ್ಲ. ಬಲೆಗೆ ಜನ ಇದೆ, ಎಂಜಿನ್ನಿಗೆ ಜನ ಇದೆ, ಡಬ್ಬಿಗೆ ಇಲ್ಲ. ಹೊಸಬನಾದ ನಿನ್ನ ಮಾತನ್ನು ಬಲೆ ಬಿಡುವ ಜಾಗದ ಬಗ್ಗೆ ಯಾರೂ ಕೇಳಲಿಕ್ಕಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಡಬ್ಬಿಯ ಹೊಣೆ ನನಗಿರಲಿ ಎಂದು ದೋಣಿ ನಡೆಸುವ ತಾಂಡೇಲರ ಹತ್ತಿರ ನೀನೇ ಕೇಳಿ ವಹಿಸಿಕೋ. ಪ್ರತಿ ಸಲ ದೋಣಿ ತಳ್ಳುವ ಮೊದಲು ಮುಚ್ಚಳ ನೋಡು, ಎಲ್ಲರೂ ಜಾಕೆಟ್ ತೊಟ್ಟಿದ್ದಾರೋ ನೋಡು. ಒಬ್ಬರು ತೊಟ್ಟಿಲ್ಲವೆಂದರೂ, ಅವರು ನಿನಗಿಂತ ಎಷ್ಟೇ ದೊಡ್ಡವರಾಗಿರಲಿ, ಕೈ ಮುಗಿದು ಕೇಳು, ತೊಡುವ ತನಕ ಕೇಳು. ದೋಣಿಯಲ್ಲಿ ನಿನ್ನ ಮೊದಲ ಹಕ್ಕು ಇದೇ ಆಗಲಿ.

ನಿನ್ನ ಸೋದರಮಾವ