‘ಗುಣವಾಯಿತು’ ಎಂದರೆ ಸಾಕೇ?

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಆದರೂ ವೈದ್ಯಕೀಯ ವಿಷಯ ಬರೆಯಲು ಕಾರಣ ನನ್ನ ತಮ್ಮ. ಆರು ವರ್ಷದ ಅವನಿಗೆ ಆಟಿಸಂ ಇದೆ. ಮಾತು ಬಹಳ ಕಡಿಮೆ. ಏನಾದರೂ ಬೇಕಾದರೆ ನಮ್ಮ ಕೈ ಹಿಡಿದು ಎಳೆಯುತ್ತಾನೆ.

ಕಳೆದ ವರ್ಷ ಒಂದು ಕ್ಲಿನಿಕ್‌ನವರು, ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಮಾತು ಬರುತ್ತದೆ ಎಂದು ಹೇಳಿ, ಗುಣವಾದ ಮಕ್ಕಳ ವಿಡಿಯೊ ತೋರಿಸಿದರು. ಅಮ್ಮಿ ತಮ್ಮ ಬಳೆಗಳನ್ನು ಮಾರಲು ಸಿದ್ಧರಾದರು. ಆಗ ನಾನು ಈ ವಿಷಯ ಓದಲು ಶುರು ಮಾಡಿದೆ.

ಮೊದಲು ಓದಿದ್ದು ಸಿಕ್ರಿಟಿನ್ ಕಥೆ. ಇದು ನಮ್ಮ ಸಣ್ಣಕರುಳಿನಲ್ಲಿ ಉತ್ಪತ್ತಿಯಾಗುವ ಹಾರ್ಮೋನು. 1998ರಲ್ಲಿ ಅಮೆರಿಕದ ವೈದ್ಯರು, ಇದನ್ನು ಪಡೆದ ಮೂವರು ಆಟಿಸಂ ಮಕ್ಕಳು ಸುಧಾರಿಸಿದರೆಂದು ವರದಿ ಮಾಡಿದರು. ಸಾವಿರಾರು ತಂದೆತಾಯಿಯರು ಅದರ ಹಿಂದೆ ಬಿದ್ದರು. 1999ರಲ್ಲಿ 60 ಮಕ್ಕಳ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಸಿಕ್ರಿಟಿನ್, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಯಾರಿಗೆ ಯಾವುದು ಎಂಬುದು ಪೋಷಕರಿಗೆ ತಿಳಿಸಿರಲಿಲ್ಲ. ನಾಲ್ಕು ವಾರಗಳ ನಂತರ ನೋಡಿದರೆ ಎರಡೂ ಗುಂಪು ಸುಧಾರಿಸಿದ್ದವು. ಔಷಧಿಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ!

ಹಾಗಾದರೆ ಸುಧಾರಣೆ ಎಲ್ಲಿಂದ ಬಂತು? ಮಕ್ಕಳು ದಿನ ಕಳೆದಂತೆ ತಾವಾಗಿಯೇ ಕಲಿಯುತ್ತಾರೆ. ಆಸೆಯಿಂದ ನೋಡುವ ಕಣ್ಣಿಗೆ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ. ಫಲಿತಾಂಶ ತಿಳಿಸಿದ ಮೇಲೂ ಶೇ. 69 ಪೋಷಕರು ಸಿಕ್ರಿಟಿನ್ ಮೇಲೆ ಆಸಕ್ತಿ ಉಳಿಸಿಕೊಂಡಿದ್ದರು. ಇದನ್ನು ಓದಿದಾಗ ನನಗೆ ಅಮ್ಮಿಯ ಮುಖ ನೆನಪಾಯಿತು.

ಖರ್ಚಿನ ಕಾಲಂ ಬಿಟ್ಟು ಜಮೆಯನ್ನಷ್ಟೇ ತೋರಿಸಿದರೆ ಅದು ಲೆಕ್ಕವಲ್ಲ ಎಂದು ವಾಣಿಜ್ಯದವರಿಗೆ ಗೊತ್ತು. ಔಷಧಿ ಪಡೆಯದ ಗುಂಪಿಲ್ಲದ ವಿಡಿಯೊ ಕೂಡ ಹಾಗೆಯೇ.

ಸ್ಟೆಮ್ ಸೆಲ್ ಬಗ್ಗೆ ನಮ್ಮ ದೇಶದ ಐಸಿಎಂಆರ್ 2017ರಲ್ಲೇ ಮಾರ್ಗಸೂಚಿ ನೀಡಿದೆ. ಕೆಲವು ರಕ್ತ ಸಂಬಂಧಿ ಕಾಯಿಲೆಗಳಂಥವನ್ನು ಬಿಟ್ಟರೆ, ಉಳಿದದ್ದಕ್ಕೆ ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ಇದನ್ನು ಬಳಸಬೇಕು. ಅಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು.

ಭರವಸೆಯ ಸಂಶೋಧನೆಯೂ ಇದೆ. 2016ರಲ್ಲಿ ಪ್ರಕಟವಾದ ‘ಪಾಸ್’ ಅಧ್ಯಯನ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು, ಆರು ತಿಂಗಳಲ್ಲಿ 12 ಬಾರಿ ಪೋಷಕರಿಗೆ ಮಗುವಿನೊಂದಿಗೆ ಆಡುವುದನ್ನು ಕಲಿಸಿದರು. ಆಟದ ವಿಡಿಯೊ ಮಾಡಿ ಜೊತೆಯಲ್ಲಿ ಕುಳಿತು ನೋಡಿದರು. ಹೋಲಿಕೆಯ ಗುಂಪಿಗಿಂತ ಈ ಮಕ್ಕಳು ತಾವಾಗಿಯೇ ಪೋಷಕರೊಂದಿಗೆ ಸಂವಹನ ಆರಂಭಿಸುವುದು ಹೆಚ್ಚಾಯಿತು. ಆಟಿಸಂ ಹೋಗಲಿಲ್ಲ, ಆದರೆ ಮಗುವಿಗೂ ಮನೆಯವರಿಗೂ ನಡುವೆ ಒಂದು ದಾರಿ ತೆರೆಯಿತು.

ಅಬ್ಬು ಕ್ಲಿನಿಕ್‌ಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದರು: ನೋಂದಣಿ ಸಂಖ್ಯೆ ಏನು? ಇಂಜೆಕ್ಷನ್ ಪಡೆಯದ ಮಕ್ಕಳು ಹೇಗಿದ್ದಾರೆ? ಅವರು ರಿಯಾಯಿತಿ ಬಗ್ಗೆ ಮಾತನಾಡಿದರು. ಬಳೆಗಳು ಅಮ್ಮಿಯ ಕೈಯಲ್ಲೇ ಉಳಿದವು.

ಈಗ ತಮ್ಮ ಜಿಲ್ಲಾ ಆಸ್ಪತ್ರೆಯ ಥೆರಪಿಗೆ ಹೋಗುತ್ತಾನೆ. ಮನೆಯಲ್ಲಿ ಅಮ್ಮಿ ಲೋಟ ಹಿಡಿದು ‘ಪಾನಿ’ ಎಂದು ಹೇಳಿ ಕಾಯುತ್ತಾರೆ. ಮೊನ್ನೆ ಅವನು ‘ಪಾ’ ಎಂದ. ಇದು ಪುರಾವೆಯಲ್ಲ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಹೋಲಿಸಲು ಎರಡನೇ ಗುಂಪು ಇಲ್ಲ. ಆದರೂ ಅಂದು ಎಲ್ಲರೂ ಅತ್ತೆವು.

ಗೆಳೆಯರೇ, ನಿಮ್ಮ ಬಂಧುಗಳಲ್ಲೋ ಮೊಹಲ್ಲಾದಲ್ಲೋ ಇಂಥ ಮಗು ಇದ್ದರೆ, ಹಣ ಕೊಡುವ ಮೊದಲು ಆ ಎರಡು ಪ್ರಶ್ನೆ ಕೇಳಲು ಮನೆಯವರಿಗೆ ಹೇಳಿ.