ಭತ್ತದ ತಳಿ ಮತ್ತು ಕೀಟನಿರೋಧ ಶಕ್ತಿ

ಮಹಾನಗರದ ನಿವಾಸಿಗಳಿಗೆ ಅಕ್ಕಿಯು ಅಂಗಡಿಯ ಚೀಲದಲ್ಲಿ ದೊರೆಯುವ ಪದಾರ್ಥ. ಆದರೆ ಅದು ಗದ್ದೆಯಲ್ಲಿ ಎಂತಹ ಶತ್ರುಗಳನ್ನು ಎದುರಿಸಿತು, ಅದರ ರಕ್ಷಣೆಗಾಗಿ ಎಷ್ಟು ವಿಷವನ್ನು ಸಿಂಪಡಿಸಲಾಯಿತು ಎಂಬುದು ಬೆಳೆಯುವವನ ಮತ್ತು ಉಣ್ಣುವವನ ಆರೋಗ್ಯಕ್ಕೆ ಸಂಬಂಧಿಸಿದ ವಿಚಾರ. ಪೈರಿಗೇ ಕೀಟವನ್ನು ತಡೆಯುವ ಶಕ್ತಿಯಿದ್ದರೆ ವಿಷದ ಅವಶ್ಯಕತೆ ಕಡಮೆಯಾಗುತ್ತದೆ.

ಭತ್ತದ ಶತ್ರುಗಳಲ್ಲಿ ಕಂದು ಜಿಗಿಹುಳು ಪ್ರಮುಖವಾದುದು. ಮೂರು ನಾಲ್ಕು ಮಿಲಿಮೀಟರ್ ಉದ್ದದ ಈ ಕೀಟವು ಪೈರಿನ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಹಾವಳಿ ಮಿತಿಮೀರಿದರೆ ಹಸಿರು ಗದ್ದೆಯು ಬೆಂಕಿ ತಗುಲಿದಂತೆ ಒಣಗಿಹೋಗುತ್ತದೆ. ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1966ರಲ್ಲಿ ಹೊರತಂದ ಐ.ಆರ್. 8 ತಳಿಯು ಅಧಿಕ ಇಳುವರಿ ನೀಡಿತಾದರೂ ಈ ಹುಳುವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. 1973-74ರಲ್ಲಿ ಕೇರಳದ ಕುಟ್ಟನಾಡು ಈ ಹುಳುವಿನ ಹಾವಳಿಗೆ ತುತ್ತಾಯಿತು.

ಪರಿಹಾರವು ಹಳೆಯ ಬೀಜಗಳಲ್ಲಿತ್ತು. ವಿಜ್ಞಾನಿಗಳು ನಾನಾ ತಳಿಗಳ ಸಸಿಗಳನ್ನು ತಟ್ಟೆಗಳಲ್ಲಿ ಸಾಲಾಗಿ ಬೆಳೆಸಿ, ಅವುಗಳ ಮೇಲೆ ಹುಳುಗಳನ್ನು ಬಿಟ್ಟು, ಬದುಕುಳಿದವುಗಳನ್ನು ಆರಿಸಿದರು. ಹಾಗೆ ಉಳಿದವುಗಳಲ್ಲಿ ಭಾರತದ ಮುಡ್ಗೊ ತಳಿಯೂ ಒಂದು. ಭತ್ತವು ತನ್ನ ಪರಾಗದಿಂದಲೇ ಕಾಳುಕಟ್ಟುವ ಸಸ್ಯ. ಆದುದರಿಂದ ಸಂಕರಕ್ಕಾಗಿ ಒಂದು ತಳಿಯ ಹೂವಿನ ಪುಂಕೇಸರಗಳನ್ನು ಮೊದಲೇ ತೆಗೆದು, ಇನ್ನೊಂದು ತಳಿಯ ಪರಾಗವನ್ನು ಅದಕ್ಕೆ ಸೋಂಕಿಸಬೇಕು. ಅನಂತರ ಹಲವು ತಲೆಮಾರುಗಳವರೆಗೆ ಉತ್ತಮ ಗಿಡಗಳನ್ನು ಆಯ್ದು ಬೆಳೆಸಬೇಕು.

ಹೀಗೆ 1973ರಲ್ಲಿ ಐ.ಆರ್. 26 ಬಂದಿತು. ಆದರೆ ಕೆಲವೇ ವರ್ಷಗಳಲ್ಲಿ ಹುಳು ಅದನ್ನೂ ಜಯಿಸಿತು. ಅದರ ರಕ್ಷಣೆ ಒಂದೇ ವಂಶವಾಹಿಯನ್ನು ಅವಲಂಬಿಸಿತ್ತು. ಅಸಂಖ್ಯ ಹುಳುಗಳಲ್ಲಿ ಕೆಲವಕ್ಕೆ ಆ ತಳಿಯ ಮೇಲೂ ಬದುಕುವ ಸಾಮರ್ಥ್ಯವಿರುತ್ತದೆ. ಒಂದೇ ತಳಿ ಎಲ್ಲೆಡೆ ಹಬ್ಬಿದಾಗ ಅವುಗಳ ಸಂತತಿಯೇ ವೃದ್ಧಿಸುತ್ತದೆ. 1976ರಲ್ಲಿ ಬೇರೊಂದು ವಂಶವಾಹಿಯುಳ್ಳ ಐ.ಆರ್. 36 ಬಿಡುಗಡೆಯಾಯಿತು. ಪಂಜಾಬಿನಲ್ಲಿ ಜನಿಸಿದ ಡಾ. ಗುರುದೇವ್ ಸಿಂಗ್ ಖುಷ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ತಳಿಯಲ್ಲಿ ಹಲವು ದೇಶಗಳ ಭತ್ತಗಳ ಜತೆಗೆ ಉತ್ತರ ಪ್ರದೇಶದ ಒಂದು ಕಾಡುಭತ್ತದ ಗುಣವೂ ಸೇರಿತ್ತು. 1980ರ ದಶಕದಲ್ಲಿ ಇದು ಸುಮಾರು 1.1 ಕೋಟಿ ಹೆಕ್ಟೇರಿನಲ್ಲಿ ಬೆಳೆಯಿತು. ಕಾಲಕ್ರಮದಲ್ಲಿ ಕೆಲವೆಡೆ ಇದೂ ಸೋತಿತು.

ಅತಿಯಾದ ಕೀಟನಾಶಕವು ಈ ಸೋಲಿನಲ್ಲಿ ಹುಳುವಿಗೇ ನೆರವಾಯಿತು. ಜಿಗಿಹುಳುವನ್ನು ತಿನ್ನುವ ಜೇಡಗಳು ವಿಷದಿಂದ ಮೊದಲು ಸತ್ತವು. ಇದನ್ನರಿತ ಇಂಡೊನೇಷ್ಯಾ ಸರಕಾರವು 1986ರಲ್ಲಿ ಭತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು.

ನಿರೋಧ ಶಕ್ತಿಯೆಂಬುದು ಖರ್ಚಾಗಿಹೋಗುವ ಮೂಲಧನ. ಅದನ್ನು ಪುನಃ ತುಂಬಿಸಿಕೊಳ್ಳಲು ಹಳೆಯ ತಳಿಗಳು ಮತ್ತು ಕಾಡುಭತ್ತಗಳಲ್ಲದೆ ಬೇರೆ ಮುಖ್ಯ ನಿಧಿಯಿಲ್ಲ. ಇಳುವರಿ ಕಡಮೆಯೆಂದು ಒಂದು ನಾಟಿ ತಳಿಯನ್ನು ಕಳೆದುಕೊಂಡರೆ, ಮುಂದೆಂದೋ ನಮ್ಮ ಮಕ್ಕಳ ಅನ್ನವನ್ನು ಉಳಿಸಬಹುದಾಗಿದ್ದ ಗುಣವೊಂದು ಅದರೊಡನೆ ಅಳಿದುಹೋಗಬಹುದು.